ರಸ್ತೆಯ ಕರಾರಿನಲ್ಲಿ ಊರಿನ ರುಜು

(ರಾಮನಗರದಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹ ರೂಪ)



ಮಾಗಡಿಯಿಂದ ಬೆಂಗಳೂರಿಗೆ ಬಸ್ಸು ಹತ್ತಿದವರಿಗೆಲ್ಲ ಸುಂಕದಕಟ್ಟೆ ಗೊತ್ತು. ಕಂಡಕ್ಟರು ಕೂಗುತ್ತಾರೆ, ಹತ್ತು ಜನ ಇಳಿಯುತ್ತಾರೆ, ಬಸ್ಸು ಮುಂದಕ್ಕೆ ಹೊರಡುತ್ತದೆ. ದಾರಿಯಲ್ಲಿ ನಿಂತು ಹಣ ಕಟ್ಟುವ ಪದ್ಧತಿ ನಮ್ಮ ಊರಿನ ಹೆಸರುಗಳ ಒಳಕ್ಕೇ ಇಳಿದಿದೆ. ಚಾಲುಕ್ಯರ, ಹೊಯ್ಸಳರ ಶಾಸನಗಳನ್ನು ತೆರೆದರೆ ಪೆರ್ಜುಂಕ, ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರು ಮತ್ತೆ ಮತ್ತೆ ಸಿಗುತ್ತವೆ. ಹನ್ನೆರಡನೆಯ ಶತಮಾನದ ಶರಣರಲ್ಲಿ ಸುಂಕದ ಬಂಕಣ್ಣ ಎಂಬೊಬ್ಬರಿದ್ದರು. ಸುಂಕ ಎತ್ತುವುದೇ ಅವರ ಕಾಯಕ, ಆ ಕಾಯಕದ ಮಾತುಗಳೇ ಅವರ ವಚನಗಳಿಗೂ ಬಂದವು.

ಆ ಶಾಸನಗಳಲ್ಲಿ ಗಮನಿಸಬೇಕಾದ ಒಂದು ವಿಷಯವಿದೆ. ಸುಂಕದ ಅಧಿಕಾರಿಗಳು ವಸೂಲಾದ ಹಣದ ಒಂದು ಪಾಲನ್ನು ಅಲ್ಲೇ ಇದ್ದ ದೇವಸ್ಥಾನಕ್ಕೆ, ಕೆರೆಗೆ, ಛತ್ರಕ್ಕೆ ಬಿಟ್ಟುಕೊಟ್ಟ ದಾಖಲೆಗಳು ಬೇಕಾದಷ್ಟಿವೆ. ಎತ್ತಿನ ಹೇರು ಹಾದುಹೋದ ಊರಿಗೆ ಆ ಹೇರಿನಿಂದ ಏನಾದರೂ ಉಳಿಯುತ್ತಿತ್ತು. ನನ್ನ ಇವತ್ತಿನ ಮಾತೆಲ್ಲ ಈ ಒಂದು ಸಂಗತಿಯ ಸುತ್ತಲೇ ಇರುತ್ತದೆ.

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆಯನ್ನು ನಾವೆಲ್ಲ ಆಡುತ್ತೇವೆ. ಸುಂಕದವನು ಕಲ್ಲೆದೆಯವನು ಎಂದೇ ಅದರ ಅರ್ಥ ಅಂದುಕೊಂಡಿದ್ದೇವೆ. ನನಗೆ ಬೇರೆ ಅರ್ಥ ಕಾಣುತ್ತದೆ. ಗೇಟಿನಲ್ಲಿ ಕೂತ ಹುಡುಗನಿಗೆ ನಿಮ್ಮ ದುಃಖ ಕೇಳಿದರೂ ಬದಲಾಯಿಸುವ ಅಧಿಕಾರ ಇಲ್ಲ. ದರ ಬರೆದವರು, ಗೇಟು ಎಲ್ಲಿರಬೇಕೆಂದು ಗುರುತು ಹಾಕಿದವರು ವರ್ಷಗಳ ಹಿಂದೆ ಇನ್ನೆಲ್ಲೋ ಕೂತು ರುಜು ಹಾಕಿ ಎದ್ದು ಹೋಗಿದ್ದಾರೆ. ಸುಖದುಃಖ ಹೇಳಿಕೊಳ್ಳಬೇಕಾಗಿದ್ದದ್ದು ಅವರ ಮುಂದೆ, ಆ ಹೊತ್ತಿನಲ್ಲಿ.

ಈಗ ನಮ್ಮ ಮಗ್ಗುಲಲ್ಲೇ ಹಾದುಹೋಗಿರುವ ರಸ್ತೆಗೆ ಬರೋಣ. ರಾಷ್ಟ್ರೀಯ ಹೆದ್ದಾರಿ 275, ಬೆಂಗಳೂರು–ಮೈಸೂರು ದಶಪಥ. ಉದ್ದ ಸುಮಾರು 118 ಕಿಲೋಮೀಟರ್, ವೆಚ್ಚ ಸುಮಾರು 8,480 ಕೋಟಿ ರೂಪಾಯಿ. ನಡುವೆ ಆರು ಪಥ, ಎರಡೂ ಬದಿಗೆ ಎರಡೆರಡು ಪಥದ ಸರ್ವಿಸ್ ರಸ್ತೆ. ಬಿಡದಿ, ರಾಮನಗರ–ಚನ್ನಪಟ್ಟಣ, ಮದ್ದೂರು, ಮಂಡ್ಯ, ಶ್ರೀರಂಗಪಟ್ಟಣಗಳಿಗೆ ಬೈಪಾಸು. 2023ರ ಮಾರ್ಚ್ 12ರಂದು ಪ್ರಧಾನಿಯವರು ಉದ್ಘಾಟಿಸಿದರು. ಎರಡೇ ದಿನಕ್ಕೆ, ಮಾರ್ಚ್ 14ರಂದು, ಬೆಂಗಳೂರಿನಿಂದ ನಿಡಘಟ್ಟದವರೆಗಿನ 56 ಕಿಲೋಮೀಟರಿಗೆ ಕಣಮಿಣಿಕೆ ಮತ್ತು ಶೇಷಗಿರಿಹಳ್ಳಿಯಲ್ಲಿ ಟೋಲ್ ಶುರುವಾಯಿತು. ಕಾರಿಗೆ ಒಂದು ಕಡೆಗೆ 135 ರೂಪಾಯಿ. ಸರ್ವಿಸ್ ರಸ್ತೆ ಪೂರ್ತಿಯಾಗದೆ ಹಣ ಕೇಳುತ್ತಿದ್ದಾರೆ ಎಂದು ಆ ದಿನವೇ ಪ್ರತಿಭಟನೆ ನಡೆಯಿತು. ಏಪ್ರಿಲ್ 1ಕ್ಕೆ ಶೇಕಡ 22ರಷ್ಟು ಏರಿಸಲು ಹೊರಟು, ಜನರ ಸಿಟ್ಟು ಕಂಡು ತಡೆದರು, ಜೂನ್‌ನಲ್ಲಿ ಏರಿಸಿದರು. ಜುಲೈ 1ರಿಂದ ಶ್ರೀರಂಗಪಟ್ಟಣ ತಾಲ್ಲೂಕಿನ ಗಣಂಗೂರಿನಲ್ಲಿ ಎರಡನೆಯ ಭಾಗದ ಟೋಲ್.

ಪ್ರತಿಭಟನೆಯ ದಿನಗಳಲ್ಲಿ ಒಂದು ಮಾತು ಎಲ್ಲ ಕಡೆ ಕೇಳಿಬಂತು: ಕಂಪನಿಯವರು ನಮ್ಮನ್ನು ಸುಲಿಯುತ್ತಿದ್ದಾರೆ. ಇದನ್ನು ನಾವು ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಸಿಟ್ಟು ತಪ್ಪು ಬಾಗಿಲಿಗೆ ಹೋದರೆ ಸರಿಯಾದ ಬಾಗಿಲು ತೆರೆಯುವುದೇ ಇಲ್ಲ. ಈ ರಸ್ತೆಯನ್ನು ಕಟ್ಟಿದ್ದು ಹೈಬ್ರಿಡ್ ಆನ್ಯುಟಿ ಎಂಬ ಮಾದರಿಯಲ್ಲಿ. ಗುತ್ತಿಗೆ ದಿಲೀಪ್ ಬಿಲ್ಡ್‌ಕಾನ್ ಸಂಸ್ಥೆಯದು. ಕೇಂದ್ರ ಸರ್ಕಾರ 2016ರ ಜನವರಿಯಲ್ಲಿ ಒಪ್ಪಿದ ಮಾದರಿ ಇದು. ನೂರು ರೂಪಾಯಿಯ ಕೆಲಸವಾದರೆ ನಲವತ್ತನ್ನು ಕಟ್ಟುವಾಗಲೇ ಹೆದ್ದಾರಿ ಪ್ರಾಧಿಕಾರ ಕಂತುಗಳಲ್ಲಿ ಕೊಡುತ್ತದೆ. ಉಳಿದ ಅರವತ್ತನ್ನು ಕಂಪನಿ ತನ್ನ ಬಂಡವಾಳದಿಂದ, ಬ್ಯಾಂಕಿನ ಸಾಲದಿಂದ ಹೊಂದಿಸುತ್ತದೆ. ರಸ್ತೆ ಮುಗಿದ ಮೇಲೆ ಆ ಅರವತ್ತನ್ನು ಬಡ್ಡಿ ಸಮೇತ ಹದಿನೈದು ವರ್ಷ, ಆರು ತಿಂಗಳಿಗೊಂದು ಕಂತಿನಂತೆ ಪ್ರಾಧಿಕಾರ ತೀರಿಸುತ್ತದೆ. ಗೇಟಿನಲ್ಲಿ ಬೀಳುವ ಟೋಲು ಕಂಪನಿಗೆ ಸೇರುವುದಿಲ್ಲ, ಪ್ರಾಧಿಕಾರಕ್ಕೆ ಸೇರುತ್ತದೆ.

ಇದಕ್ಕೆ ಮುಂಚೆ ಹೆಚ್ಚಾಗಿ ಇದ್ದದ್ದು ಬಿಒಟಿ: ಕಟ್ಟು, ಇಷ್ಟು ವರ್ಷ ನಡೆಸಿ ಟೋಲು ತಿನ್ನು, ಆಮೇಲೆ ಸರ್ಕಾರಕ್ಕೆ ಒಪ್ಪಿಸು. ಅಲ್ಲಿ ಗಾಡಿಗಳು ಬಾರದೆ ಹೋದರೆ ನಷ್ಟ ಕಂಪನಿಯದು. 2008ರಿಂದಾಚೆಗೆ ದೇಶದ ತುಂಬ ಕಂಪನಿಗಳು ಗಾಡಿಗಳ ಲೆಕ್ಕವನ್ನು ಉಬ್ಬಿಸಿ ಹರಾಜು ಕೂಗಿದವು, ಬ್ಯಾಂಕುಗಳು ಸಾಲ ಕೊಟ್ಟವು, ಲೆಕ್ಕ ಕೈಕೊಟ್ಟಿತು, ರಸ್ತೆಗಳು ಅರ್ಧಕ್ಕೆ ನಿಂತವು, ಸಾಲಗಳು ಕೆಟ್ಟವು. ಯಾವ ಕಂಪನಿಯೂ ಹೊಸ ಹರಾಜಿಗೆ ಮುಂದೆ ಬಾರದ ಸ್ಥಿತಿಯಲ್ಲಿ ಹೈಬ್ರಿಡ್ ಮಾದರಿ ಹುಟ್ಟಿತು. ಗಾಡಿ ಬರುತ್ತದೋ ಇಲ್ಲವೋ ಎಂಬ ಹೊರೆ ಕಂಪನಿಯ ಹೆಗಲಿನಿಂದ ಸರ್ಕಾರದ ಹೆಗಲಿಗೆ ಬಂತು. ನಾನು ಇದನ್ನು ತಪ್ಪು ಎನ್ನುವುದಿಲ್ಲ. ಆದರೆ ಪಾಲುದಾರಿಕೆ ಎನ್ನುವ ಪದದ ಒಳಗೆ ಇರುವುದು ಇಷ್ಟೇ: ಯಾವ ಹೊರೆ ಯಾರ ಹೆಗಲಿಗೆ ಎಂಬ ಹಂಚಿಕೆ. ಆ ಹಂಚಿಕೆ ಕರಾರಿನಲ್ಲಿ ಬರೆದಿರುತ್ತದೆ. ಸರ್ಕಾರದ ಪಾಲು ಬರೆದಿರುತ್ತದೆ, ಕಂಪನಿಯ ಪಾಲು ಬರೆದಿರುತ್ತದೆ. ಹೊಲವನ್ನು ಎರಡು ಹೋಳು ಮಾಡಿಸಿಕೊಂಡ ಊರಿನ ಪಾಲಿಗೆ ಬಂದ ಹೊರೆಯನ್ನು ಯಾರೂ ಬರೆಯುವುದಿಲ್ಲ; ಅದು ಬರೆಯದೆಯೇ ಬರುತ್ತದೆ.

ಆ ಬರೆಯದ ಹೊರೆ ಹೇಗಿರುತ್ತದೆ ಎಂದು ಚನ್ನಪಟ್ಟಣದಲ್ಲಿ ನೋಡಬಹುದು. ಹಳೆಯ ನಾಲ್ಕು ಪಥದ ರಸ್ತೆಯ ಎರಡೂ ಬದಿಗೆ ಗೊಂಬೆ ಅಂಗಡಿಗಳ ಸಾಲು. ಮೈಸೂರಿಗೆ ಹೋಗುವ ಕಾರು ಮರದ ಕುದುರೆ ಕಂಡು ನಿಲ್ಲುತ್ತಿತ್ತು, ಮಗು ಕೈ ಚಾಚುತ್ತಿತ್ತು, ವ್ಯಾಪಾರ ಆಗುತ್ತಿತ್ತು. ಯಾರೂ ಗೊಂಬೆ ಕೊಳ್ಳಬೇಕೆಂದೇ ಬೆಂಗಳೂರು ಬಿಟ್ಟವರಲ್ಲ. ದಾರಿಯಲ್ಲಿ ಕಂಡಿತು, ಕೊಂಡರು. ಬೈಪಾಸು ಆದ ಮೇಲೆ ಆ ಕಾರುಗಳು ಊರಿನ ಹೊರಗೇ ಹಾರಿಹೋಗುತ್ತವೆ. ಬಿಡದಿಯ ತಟ್ಟೆ ಇಡ್ಲಿಯವರಿಗೂ ಮದ್ದೂರು ವಡೆಯವರಿಗೂ ಇದೇ ಆಯಿತು.

ಹೋದ ತಿಂಗಳು ನನಗೆ ಪರಿಚಯದ ಒಬ್ಬ ಕಸುಬುದಾರರ ಮನೆಗೆ ಹೋಗಿದ್ದೆ. ಹಾಲೆ ಮರದ ತುಂಡೊಂದು ಯಂತ್ರದಲ್ಲಿ ಗಿರಗಿರನೆ ತಿರುಗುತ್ತಿತ್ತು. ಅವರು ಉಳಿ ಹಿಡಿದು ಅದಕ್ಕೊಂದು ಸೊಂಟ ಬರಿಸಿದರು. ಆಮೇಲೆ ಕೆಂಪು ಅರಗಿನ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿದರು. ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹತ್ತಿತು. ಒಲೆ ಇಲ್ಲ, ಕುಂಚ ಇಲ್ಲ. ಒಣಗಿದ ಗರಿಯೊಂದನ್ನು ಮೇಲೆ ಒತ್ತಿ ಹಿಡಿದರು, ಹೊಳಪು ಬಂತು. ಎಲ್ಲ ಸೇರಿ ನಾಲ್ಕೈದು ನಿಮಿಷ. ಗೊಂಬೆಯನ್ನು ನನ್ನ ಅಂಗೈಗಿಟ್ಟಾಗ ಇನ್ನೂ ಬೆಚ್ಚಗಿತ್ತು. ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಕಸುಬು ಇದು, ಪ್ರಪಂಚಕ್ಕೆ ಗೊತ್ತಿರುವ ಹೆಸರು. ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ರಸ್ತೆ ಗೀಟು ಎಳೆಯುವಾಗ ನಮಗೊಂದು ಮಾತು ಹೇಳಿದ್ದರೆ, ಇಳಿಯೋ ಜಾಗದಲ್ಲಿ ನಾಲ್ಕು ಮಳಿಗೆ ಕೇಳುತ್ತಿರಲಿಲ್ಲವೇ?” ನನ್ನ ಹತ್ತಿರ ಉತ್ತರ ಇರಲಿಲ್ಲ. ಇವತ್ತಿನ ಉಪನ್ಯಾಸ ಆ ಉತ್ತರ ಹುಡುಕುವ ಪ್ರಯತ್ನ.

ಬೈಪಾಸೇ ಬೇಡವಿತ್ತು ಎನ್ನುವವನು ನಾನಲ್ಲ. ಹಳೆಯ ರಸ್ತೆ ದಾಟುವಾಗ ಪ್ರಾಣ ಕಳೆದುಕೊಂಡವರು ನಮ್ಮ ಬೀದಿಬೀದಿಯಲ್ಲಿದ್ದಾರೆ. ಮೂರು ತಾಸಿನ ಮೈಸೂರು ಅರ್ಧಕ್ಕಿಳಿದಿದ್ದರಿಂದ ಆಂಬುಲೆನ್ಸಿನಲ್ಲಿ ಬದುಕಿ ಬಂದವರೂ ಇದ್ದಾರೆ. ರಸ್ತೆ ಬೇಕು. ಅದಕ್ಕೆ ಹಣವೂ ಬೇಕು, ಆ ಹಣದ ಒಂದು ಭಾಗ ಬಳಸುವವರಿಂದಲೇ ಬರಬೇಕೆಂಬುದೂ ನ್ಯಾಯ.

ಆದರೆ ಬಳಸುವವರು ಎಂದರೆ ಯಾರು? 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳು ಮುಖ್ಯ ಪಥಕ್ಕೆ ಹತ್ತುವಂತಿಲ್ಲ. ಅಪಘಾತಗಳನ್ನು ನೋಡಿದರೆ ಆ ತೀರ್ಮಾನ ಸರಿಯೇ. ಈಗ ರಾಮನಗರದ ಗೂಡಿನ ಮಾರುಕಟ್ಟೆಯ ಬಾಗಿಲಲ್ಲಿ ಬೆಳಗ್ಗೆ ಒಂದು ಗಳಿಗೆ ನಿಂತು ನೋಡಿ. ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ಮಾರುಕಟ್ಟೆ. ರೈತರು ಗೂಡಿನ ಚೀಲ ತರುವುದು ಲಗೇಜ್ ಆಟೊದಲ್ಲಿ, ಬೈಕಿನ ಹಿಂದೆ ಕಟ್ಟಿಕೊಂಡು. ಗೂಡು ಕಾಯುವುದಿಲ್ಲ; ತಡವಾದರೆ ಒಳಗಿನ ಹುಳು ಚಿಟ್ಟೆಯಾಗಿ ತೂತು ಮಾಡಿ ಹೊರಬರುತ್ತದೆ, ನೂಲು ಹರಿದು ಹೋಗುತ್ತದೆ. ಅವರಿಗೆಲ್ಲ ಹೆದ್ದಾರಿ ಎಂದರೆ ಸರ್ವಿಸ್ ರಸ್ತೆ. ದಶಪಥದಲ್ಲಿ ನಾಲ್ಕು ಪಥ ಊರಿನವರದು ಎಂದು ಕಾಗದದಲ್ಲಿದೆ. ಆ ನಾಲ್ಕು ಪಥ ಎಷ್ಟು ಕಡೆ ತುಂಡಾಗುತ್ತದೆ, ಎಲ್ಲಿ ಕಿರಿದಾಗುತ್ತದೆ, ಮಳೆ ಬಂದಾಗ ಯಾವ ಅಂಡರ್‌ಪಾಸಿನಲ್ಲಿ ನೀರು ನಿಲ್ಲುತ್ತದೆ ಎಂದು ನಿಮಗೆ ನಾನು ಹೇಳಿಕೊಡಬೇಕಿಲ್ಲ. ನಡುವಿನ ಆರು ಪಥದಿಂದ ಟೋಲು ಬರುತ್ತದೆ, ಅಂಚಿನ ನಾಲ್ಕರಿಂದ ಬರುವುದಿಲ್ಲ. ಹಣ ತಾರದ ಪಥದ ಕಡೆಗೆ ಗಮನ ತಾನಾಗಿ ಹೋಗದು. ಕರಾರಿನಲ್ಲೇ ಬಿಗಿಯಾಗಿ ಬರೆದು, ಸರ್ವಿಸ್ ರಸ್ತೆ ಮುಗಿಯದೆ ಗೇಟು ತೆರೆಯಬಾರದು ಎಂದಿದ್ದರೆ ಮಾತ್ರ ಹೋಗುತ್ತದೆ.

ಇನ್ನು ಮಳೆಯ ವಿಷಯ. 2022ರ ಆಗಸ್ಟ್ ಕೊನೆಯಲ್ಲಿ ಸುರಿದ ಮಳೆಗೆ ರಾಮನಗರದ ಸುತ್ತ ಕೆರೆಗಳು ತುಂಬಿ, ರಸ್ತೆಯೇ ಹೊಳೆಯಾದದ್ದು ನೆನಪಿದೆ. ಉದ್ಘಾಟನೆಯಾದ ವಾರದೊಳಗೆ, 2023ರ ಮಾರ್ಚ್‌ನಲ್ಲಿ, ಸಂಗಬಸವನದೊಡ್ಡಿ ಹತ್ತಿರ ಮತ್ತೆ ನೀರು ನಿಂತಿತು, ಗಾಡಿಗಳು ಒಂದಕ್ಕೊಂದು ಗುದ್ದಿಕೊಂಡವು. ಆಗ ಪ್ರಾಧಿಕಾರ ಒಂದು ವಿವರಣೆ ಕೊಟ್ಟಿತು. ಅದನ್ನು ನಾನು ಹಲವು ಸಲ ಓದಿದ್ದೇನೆ. ಮಾದಾಪುರದ ಕಡೆಗೂ ತಮ್ಮ ಹೊಲಗಳಿಗೂ ಹೋಗಲು ದಾರಿ ಮಾಡಿಕೊಳ್ಳುವುದಕ್ಕಾಗಿ ಗ್ರಾಮಸ್ಥರು ಚರಂಡಿಯ ಸುಮಾರು ಮೂರು ಮೀಟರ್ ಜಾಗಕ್ಕೆ ಮಣ್ಣು ತುಂಬಿದ್ದರು, ಅದರಿಂದ ನೀರು ರಸ್ತೆಗೆ ಬಂತು ಎಂದು.

ಆ ವಿವರಣೆಯನ್ನು ಹಳ್ಳಿಯವರ ಮೇಲಿನ ದೂರು ಎಂದು ಓದಿದವರೇ ಹೆಚ್ಚು. ನನಗೆ ಅದು ಒಂದು ಅರ್ಜಿಯ ಹಾಗೆ ಕಂಡಿತು. ತಾತನ ಕಾಲದಿಂದ ಎತ್ತು ಹೊಡೆದುಕೊಂಡು ಹೋಗುತ್ತಿದ್ದ ದಾರಿ ಇದ್ದಕ್ಕಿದ್ದಂತೆ ಚರಂಡಿಯಾಗಿದೆ. ಎಲ್ಲಿ ಕೇಳಬೇಕೋ ಗೊತ್ತಿಲ್ಲ. ನಾಲ್ಕು ಬಾಣಲಿ ಮಣ್ಣು ಸುರಿದು ದಾಟಿದ್ದಾರೆ. ಮೂರು ಮೀಟರಿನ ಒಂದು ಚಪ್ಪಡಿಯನ್ನು ನಕ್ಷೆ ಬರೆಯುವಾಗಲೇ ಆ ಊರಿನವರನ್ನು ಕೇಳಿ ಹಾಕಿದ್ದರೆ ಅದರ ಖರ್ಚು 8,480 ಕೋಟಿಯ ಲೆಕ್ಕದಲ್ಲಿ ಕಾಣುತ್ತಲೂ ಇರಲಿಲ್ಲ.

ಈ ಜಿಲ್ಲೆ ಇದಕ್ಕಿಂತ ದೊಡ್ಡ ಇನ್ನೊಂದು ಕರಾರನ್ನೂ ಕಂಡಿದೆ. ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್, ಜನರ ಬಾಯಲ್ಲಿ ನೈಸ್. 1995ರ ಫೆಬ್ರವರಿಯಲ್ಲಿ ಎಚ್.ಡಿ. ದೇವೇಗೌಡರು ಮುಖ್ಯಮಂತ್ರಿಯಾಗಿದ್ದಾಗ ಒಡಂಬಡಿಕೆ, 1997ರ ಏಪ್ರಿಲ್‌ನಲ್ಲಿ ಜೆ.ಎಚ್. ಪಟೇಲರ ಕಾಲದಲ್ಲಿ ಚೌಕಟ್ಟು ಒಪ್ಪಂದ. 111 ಕಿಲೋಮೀಟರಿನ ಎಕ್ಸ್‌ಪ್ರೆಸ್ ರಸ್ತೆ, ಬೆಂಗಳೂರಿನ ಅಂಚಿನಲ್ಲಿ 41 ಕಿಲೋಮೀಟರಿನ ಪೆರಿಫೆರಲ್ ರಸ್ತೆ, ದಾರಿಯುದ್ದಕ್ಕೂ ಐದು ಉಪನಗರ. ಒಟ್ಟು ಜಮೀನು 20,193 ಎಕರೆ. ಅದರಲ್ಲಿ ರಸ್ತೆಗೆ 6,999 ಎಕರೆ, ಉಪನಗರಗಳಿಗೆ 13,194. ರಸ್ತೆಗಿಂತ ರಸ್ತೆಯ ಪಕ್ಕದ ನೆಲಕ್ಕೆ ಹೆಚ್ಚುಕಡಿಮೆ ಎರಡರಷ್ಟು ಪಾಲು. ಟೋಲಿನಿಂದ ಮಾತ್ರ ಹಣ ಹುಟ್ಟದು, ನೆಲದ ಬೆಲೆ ಏರಿ ಆ ಏರಿಕೆಯೇ ರಸ್ತೆಯ ಖರ್ಚು ಹೊರಬೇಕು ಎಂಬುದು ಅದರ ಲೆಕ್ಕ. ಅರ್ಥಶಾಸ್ತ್ರದ ತರಗತಿಯಲ್ಲಿ ಇದನ್ನು ಒಪ್ಪುವಂತೆ ವಿವರಿಸಬಹುದು, ನಾನೇ ವಿವರಿಸಿದ್ದೇನೆ. ಆದರೆ ಏರುವ ಬೆಲೆ ನೆಲ ಬಿಟ್ಟುಕೊಟ್ಟವನಿಗೆ ಸೇರುವುದಿಲ್ಲ ಎಂಬುದನ್ನು ಅದೇ ತರಗತಿಯಲ್ಲಿ ಒತ್ತಿ ಹೇಳಬೇಕಿತ್ತು.

ಮುಂದೆ ದಶಕಗಟ್ಟಲೆ ವ್ಯಾಜ್ಯ. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟು ಯೋಜನೆಯನ್ನು ಎತ್ತಿಹಿಡಿಯಿತು. ಟಿ.ಬಿ. ಜಯಚಂದ್ರ ಅವರ ಅಧ್ಯಕ್ಷತೆಯ ಸದನ ಸಮಿತಿ 2016ರಲ್ಲಿ ವರದಿ ಕೊಟ್ಟಿತು. ಪೆರಿಫೆರಲ್ ರಸ್ತೆಯಲ್ಲಿ ಗಾಡಿ ಓಡುತ್ತಿದೆ, ಟೋಲೂ ನಡೆಯುತ್ತಿದೆ. ಮೈಸೂರಿಗೆ ಹೋಗಬೇಕಾದ ಎಕ್ಸ್‌ಪ್ರೆಸ್ ರಸ್ತೆ ಬರಲಿಲ್ಲ. ಪಹಣಿಯಲ್ಲಿ ಅಧಿಸೂಚನೆಯ ಸಾಲೊಂದು ಕೂತ ಮೇಲೆ ರೈತನ ಗತಿ ಏನು ಎಂದು ಇಲ್ಲಿರುವ ಹಿರಿಯರಿಗೆ ಗೊತ್ತು. ಮಾರುವಂತಿಲ್ಲ, ಬ್ಯಾಂಕು ಸಾಲ ಕೊಡದು, ಮಗಳ ಮದುವೆಗೆ ನೆಲ ಒದಗದು. ಬರದ ರಸ್ತೆಗೂ ಊರು ಸುಂಕ ಕಟ್ಟುತ್ತದೆ.

ಇದು ನಮ್ಮೊಬ್ಬರದೇ ಕಷ್ಟ ಎಂದುಕೊಳ್ಳಬೇಡಿ. ಮೆಕ್ಸಿಕೊ ದೇಶ 1989ರಿಂದ ಐದೇ ವರ್ಷದಲ್ಲಿ ಐದು ಸಾವಿರ ಕಿಲೋಮೀಟರಿಗೂ ಹೆಚ್ಚು ಟೋಲ್ ರಸ್ತೆಯನ್ನು ಖಾಸಗಿಯವರಿಗೆ ಕೊಟ್ಟಿತು. ಯಾರು ಕಡಿಮೆ ವರ್ಷ ಕೇಳುತ್ತಾರೋ ಅವರಿಗೆ ಗುತ್ತಿಗೆ. ಕಡಿಮೆ ವರ್ಷದಲ್ಲಿ ಅಸಲು ಎತ್ತಬೇಕಾದ್ದರಿಂದ ಟೋಲು ವಿಪರೀತ ಏರಿತು. ಲಾರಿಗಳು ಹಳೆಯ ಪುಕ್ಕಟೆ ರಸ್ತೆಯನ್ನೇ ಹಿಡಿದವು. ಹಣದ ಬಿಕ್ಕಟ್ಟೂ ಸೇರಿಕೊಂಡು, 1997ರಲ್ಲಿ 23 ಗುತ್ತಿಗೆಗಳನ್ನು ಅವುಗಳ ಸಾಲದ ಸಮೇತ ಸರ್ಕಾರವೇ ವಾಪಸು ತೆಗೆದುಕೊಂಡಿತು. ಚಿಲಿ ದೇಶ 1998ರಲ್ಲಿ ಸ್ಯಾಂಟಿಯಾಗೊ–ವಾಲ್ಪರೈಸೊ ರಸ್ತೆಯ ಹರಾಜಿನಲ್ಲಿ ಬೇರೆ ದಾರಿ ಹಿಡಿಯಿತು: ಒಟ್ಟು ಇಷ್ಟು ಹಣ ಬಂದೊಡನೆ ಗುತ್ತಿಗೆ ಮುಗಿಯಿತು, ಅದು ಹತ್ತು ವರ್ಷಕ್ಕೆ ಬಂದರೂ ಸರಿ, ಇಪ್ಪತ್ತಕ್ಕೆ ಬಂದರೂ ಸರಿ. ಸಂಸಾರಸ್ಥರಿಗೆ ಅರ್ಥವಾಗುವ ಲೆಕ್ಕ.

ನಮ್ಮ ಲೆಕ್ಕ ಹಾಗೆ ಸಲೀಸಾಗಿ ಅರ್ಥವಾಗುವುದಿಲ್ಲ. ಬಹುಕಾಲ ನಮ್ಮ ಶುಲ್ಕದ ನಿಯಮದಲ್ಲಿ ಮೇಲ್ಸೇತುವೆಯ ಒಂದು ಕಿಲೋಮೀಟರನ್ನು ಹತ್ತು ಕಿಲೋಮೀಟರ್ ಎಂದು ಎಣಿಸುತ್ತಿದ್ದರು. 2025ರ ಜುಲೈನಲ್ಲಿ ಅದನ್ನು ಸಡಿಲಿಸಿದರು. ಗೇಟು ದಾಟಿದವರು ಇಡೀ ಭಾಗದ ಶುಲ್ಕ ಕೊಡುತ್ತಾರೆ, ನಡುವೆ ಎಲ್ಲಿ ಹತ್ತಿದರು ಎಂದು ಯಾರೂ ಕೇಳುವುದಿಲ್ಲ. ಇಪ್ಪತ್ತು ಕಿಲೋಮೀಟರಿನೊಳಗಿನ ಸ್ವಂತ ಗಾಡಿಯವರಿಗೆ ತಿಂಗಳ ಪಾಸು ಇದೆ. 2025ರ ಆಗಸ್ಟ್ 15ರಂದು, ಆಗಿನ 3,000 ರೂಪಾಯಿ ದರಕ್ಕೆ, ಇನ್ನೂರು ಸಲ ದಾಟುವ ವರ್ಷದ ಪಾಸೂ ಬಂತು. ಇವೆಲ್ಲ ಒಳ್ಳೆಯದೇ, ಆದರೆ ಎಲ್ಲವೂ ಗೇಟಿನ ಮಾತು. ನನ್ನ ಮನಸ್ಸಿರುವುದು ಗೇಟು ಬರುವ ಮುಂಚಿನ ದಿನಗಳಲ್ಲಿ.

ಕನಕಪುರದವರು ಆ ದಿನಗಳನ್ನು ಮರೆತಿರಲಾರರು. ಹಿಂದೆ 209 ಎಂದಿದ್ದು ಈಗ 948 ಆಗಿರುವ ಹೆದ್ದಾರಿ, ಹಾರೋಹಳ್ಳಿ, ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ. ಅದೂ ಹೈಬ್ರಿಡ್ ಮಾದರಿಯದೇ. ಆ ದಾರಿಯಲ್ಲಿ ನಾನು ವರ್ಷಗಟ್ಟಲೆ ಬಸ್ಸಿನಲ್ಲಿ ಓಡಾಡಿದ್ದೇನೆ. ಒಂದು ಕಡೆ ಹೊಸ ಕಾಂಕ್ರೀಟು, ಅರ್ಧ ಮೈಲಿ ಆಚೆ ಅಗೆದು ಬಿಟ್ಟ ಮಣ್ಣು. ಮನೆಗೆ ಹೋಗಿ ಅಂಗಿ ಕೊಡವಿದರೆ ಕೆಂಧೂಳು. ರಸ್ತೆಯಂಚಿನ ಹಿಪ್ಪುನೇರಳೆ ತೋಟಗಳ ಎಲೆಯ ಮೇಲೂ ಅದೇ ಧೂಳು. ಧೂಳು ಹಿಡಿದ ಸೊಪ್ಪನ್ನು ಹುಳಕ್ಕೆ ಹಾಕಿದರೆ ಬೆಳೆ ಕೆಡುತ್ತದೆ ಎಂದು ಎಲೆ ಎಲೆಯನ್ನೂ ನೀರಿನಲ್ಲಿ ತೊಳೆದು ಒರೆಸುತ್ತಿದ್ದ ಹೆಂಗಸೊಬ್ಬರನ್ನು ನೋಡಿದ್ದೇನೆ. ತಡವಾದ ಕೆಲಸಕ್ಕೆ ಕರಾರಿನಲ್ಲಿ ದಂಡವಿರುತ್ತದೆ. ಆ ದಂಡ ಒಂದು ಪಕ್ಷ ಇನ್ನೊಂದು ಪಕ್ಷಕ್ಕೆ ಕೊಡುವಂಥದ್ದು. ಎಲೆ ತೊಳೆದವರು ಪಕ್ಷವೇ ಅಲ್ಲ.

ಹಾಗಾದರೆ ಏನು ಕೇಳಬೇಕು? ಪ್ರಾಧಿಕಾರದ ಮಾದರಿ ಕರಾರು ಗುಟ್ಟಿನ ಕಾಗದವಲ್ಲ, ಯಾರಾದರೂ ಓದಬಹುದು. ಇಂಗ್ಲಿಷಿನಲ್ಲಿ, ನೂರಾರು ಪುಟ. ಮುಖ್ಯ ಭಾಗದಲ್ಲಿ ಹಣ, ಸಾಲ, ದಂಡ, ವ್ಯಾಜ್ಯಗಳ ಮಾತು. ನಮ್ಮ ಬದುಕು ಇರುವುದು ಹಿಂದಿನ ಪರಿಶಿಷ್ಟಗಳಲ್ಲಿ. ಪರಿಶಿಷ್ಟ ‘ಎ’ ಯಾವ ನೆಲ ಎಂದು ಹೇಳುತ್ತದೆ. ಪರಿಶಿಷ್ಟ ‘ಬಿ’ ಎಲ್ಲಿ ಅಂಡರ್‌ಪಾಸು, ಎಲ್ಲಿ ಸರ್ವಿಸ್ ರಸ್ತೆ, ಎಲ್ಲಿ ಮೋರಿ ಎಂದು ಕಿಲೋಮೀಟರ್ ಲೆಕ್ಕದಲ್ಲಿ ಪಟ್ಟಿ ಕೊಡುತ್ತದೆ. ‘ಸಿ’ಯಲ್ಲಿ ಬಸ್ ತಂಗುದಾಣ, ಲಾರಿ ನಿಲ್ಲುವ ಜಾಗ, ಟೋಲ್ ಪ್ಲಾಜಾ. ರುಜುವಾದ ಮೇಲೆ ಒಂದು ಮೋರಿ ಹೆಚ್ಚಿಗೆ ಬೇಕೆಂದರೂ ಅದು ಕೆಲಸದ ವ್ಯಾಪ್ತಿಯ ಬದಲಾವಣೆ, ಬೇರೆ ಹಣ, ಬೇರೆ ಮಂಜೂರಾತಿ. ರುಜುವಿಗೆ ಮುಂಚೆ ಅದೇ ಮೋರಿಗೆ ಬೇಕಾಗುವುದು ಒಂದು ಸಾಲು ಬರಹ.

ಆ ಪರಿಶಿಷ್ಟಗಳನ್ನು ಕನ್ನಡಕ್ಕೆ ತಂದು ಹರಾಜಿಗೆ ಮುಂಚೆ ಗ್ರಾಮಸಭೆಯಲ್ಲಿ ಓದಬೇಕು. ಯಾವ ಸರ್ವೆ ನಂಬರಿನ ಹತ್ತಿರ ಎತ್ತಿನಗಾಡಿಯ ದಾರಿ ಇದೆ, ಯಾವ ಕೆರೆಯ ಕೋಡಿ ಯಾವ ಕಡೆಗೆ ಹರಿಯುತ್ತದೆ ಎಂಬುದು ಸಲಹೆಗಾರ ಸಂಸ್ಥೆಗಿಂತ ಆ ಊರಿನ ಕುರಿ ಕಾಯುವವನಿಗೆ ಚೆನ್ನಾಗಿ ಗೊತ್ತು. ಅವನು ಹೇಳಿದ್ದು ದಾಖಲಾಗಬೇಕು. ಪ್ರಾಧಿಕಾರ ಅದನ್ನು ಒಪ್ಪದಿದ್ದರೆ ಏಕೆ ಒಪ್ಪಲಿಲ್ಲ ಎಂದು ಬರೆದುಕೊಡಬೇಕು. ಟೋಲಿನ ಒಂದು ಸಣ್ಣ ಪಾಲು ಬೈಪಾಸಿನಿಂದ ಬದಿಗೆ ಸರಿದ ಪಟ್ಟಣಗಳಿಗೆ ಉಳಿಯಬೇಕು. ಹೆಜ್ಜುಂಕದ ಕಾಲದಲ್ಲಿ ಆಗುತ್ತಿದ್ದದ್ದು ಈಗ ಆಗಬಾರದೇಕೆ? ಊರೂ ಒಂದು ಪಕ್ಷವಾಗಿ ರುಜು ಹಾಕುವ ಕಾನೂನು ಇಲ್ಲ ಎಂದು ವಕೀಲ ಮಿತ್ರರು ಹೇಳುತ್ತಾರೆ. ಬರಲಿ ಎನ್ನುತ್ತೇನೆ.

ಇದು ಮುಗಿದುಹೋದ ರಸ್ತೆಗಳ ಮಾತಾಗಿದ್ದರೆ ನಾನು ಇಷ್ಟು ಹೊತ್ತು ನಿಮ್ಮನ್ನು ಕೂರಿಸುತ್ತಿರಲಿಲ್ಲ. ಬೆಂಗಳೂರಿನ ಸುತ್ತ ಸುಮಾರು 280 ಕಿಲೋಮೀಟರಿನ ಉಪನಗರ ವರ್ತುಲ ರಸ್ತೆ, ರಾಷ್ಟ್ರೀಯ ಹೆದ್ದಾರಿ 948ಎ, ದಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಗೆ ಮೊದಲು ಬಂತು. ಅದರ ವರ್ತುಲ ಪೂರ್ತಿಯಾಗಬೇಕಾದರೆ ಮಾಗಡಿ, ರಾಮನಗರ, ಕನಕಪುರಗಳನ್ನು ಹಾದೇ ಹೋಗಬೇಕು. ಹೆದ್ದಾರಿ 275 ನಮ್ಮನ್ನು ಉದ್ದಕ್ಕೆ ಸೀಳಿತು, ಇದು ಅಡ್ಡಕ್ಕೆ.

ಪರಿಶಿಷ್ಟ ‘ಬಿ’ಯ ಮಾದರಿಯನ್ನು ನನ್ನ ಇಬ್ಬರು ಹಳೆಯ ವಿದ್ಯಾರ್ಥಿಗಳು ಕನ್ನಡಕ್ಕೆ ತಂದಿದ್ದಾರೆ. ಹೊರಗಿನ ಮೇಜಿನ ಮೇಲೆ ಅದರ ಪ್ರತಿಗಳಿವೆ. ಪಕ್ಕದಲ್ಲಿ ಮೂರು ತಾಲ್ಲೂಕಿನ ಗ್ರಾಮ ನಕ್ಷೆಗಳನ್ನು ಹರಡಿದ್ದೇವೆ, ಕೆಂಪು ಪೆನ್ನೂ ಇಟ್ಟಿದ್ದೇವೆ. ಕಾಫಿ ಆದ ಮೇಲೆ ಮಾಗಡಿಯವರು ಮೊದಲು ಬನ್ನಿ. ನಿಮ್ಮ ಊರಿನ ಎತ್ತಿನ ದಾರಿ, ಕೆರೆಯ ಕೋಡಿ, ಶಾಲೆಗೆ ಮಕ್ಕಳು ದಾಟುವ ಜಾಗ ಎಲ್ಲಿದೆಯೋ ಅಲ್ಲಿ ಗುರುತು ಹಾಕಿ, ಪಕ್ಕದಲ್ಲಿ ನಿಮ್ಮ ರುಜು ಹಾಕಿ.